ಬೇಸಿಗೆಯಲ್ಲಿ ದಿನವೂ ನೀರುಣಿಸಿದ ಗಿಡವೇ ಏಕೆ ಸತ್ತಿತು?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಮನೆ ಕೊಂಡ ಮೇಲೆ, ನೀರಿನ ಬಿಲ್ ನೋಡಿ ಹಿತ್ತಲಿನ ಹುಲ್ಲುಹಾಸನ್ನು ತೆಗೆಸಿದೆವು. ಇಲ್ಲಿನದೇ ನೆಲದ ಗಿಡಗಳಿಗೆ ನೀರು ಕಡಿಮೆ ಸಾಕು ಎಂದು ಕೇಳಿ ಮೇ ತಿಂಗಳಲ್ಲಿ ಸಿಯನೋಥಸ್, ಫ್ಲಾನೆಲ್ ಬುಷ್, ಮಂಜನೀಟಾ ನೆಟ್ಟೆವು. ಗುಂಡಿಗೆ ಚೆನ್ನಾಗಿ ಗೊಬ್ಬರವನ್ನೂ ಹಾಕಿದ್ದೆವು. ಜುಲೈನಲ್ಲಿ ಎಲೆಗಳು ಜೋತುಬಿದ್ದವು. ಊರಿನಿಂದ ಬಂದಿದ್ದ ಅತ್ತೆ ‘ನೀರು ಸಾಲ್ತಿಲ್ಲ’ ಎಂದರು. ಅಂದಿನಿಂದ ದಿನಾ ಸಂಜೆ ಡ್ರಿಪ್ ಬಿಟ್ಟೆವು. ಆಗಸ್ಟ್ ಮುಗಿಯುವಷ್ಟರಲ್ಲಿ ಮೊದಲೆರಡು ಗಿಡ ಪೂರ್ತಿ ಒಣಗಿದವು. ಕಿತ್ತು ನೋಡಿದರೆ ಬೇರು ಕಪ್ಪಾಗಿ, ಸಿಪ್ಪೆ ಕೈಗೇ ಕಳಚಿ ಬಂತು. ಅದೇ ಹಿತ್ತಲಿನಲ್ಲಿ ಕರಿಬೇವು, ಮಲ್ಲಿಗೆ ಚೆನ್ನಾಗಿಯೇ ಇವೆ. ಎಲ್ಲಿ ಎಡವಿದೆವು? ಇನ್ನೊಂದು: ಇಲ್ಲಿಯ ರೋಸ್ಮರಿ, ಲ್ಯಾವೆಂಡರ್ ಅತ್ತೆಗೆ ತುಂಬಾ ಹಿಡಿಸಿವೆ. ತೀರ್ಥಹಳ್ಳಿಯಲ್ಲಿ ಬೆಳೆಯಬಹುದೇ?

ಉತ್ತರ: ಮಂಜನೀಟಾ ಇನ್ನೂ ಹಸಿರಾಗಿದ್ದರೆ ಮೊದಲು ಅದರ ಡ್ರಿಪ್ ನಿಲ್ಲಿಸಿ. ಉಳಿದದ್ದನ್ನು ಆಮೇಲೆ ಓದಿ.

ನಿಮ್ಮ ಗಿಡಗಳು ಬಾಯಾರಿ ಸಾಯಲಿಲ್ಲ. ಬಾಯಾರಿ ಸತ್ತ ಗಿಡದ ಬೇರು ಒಣಗಿ ಪೆಡಸಾಗಿರುತ್ತದೆ, ಮುರಿದರೆ ಚಟಕ್ಕೆಂದು ಮುರಿಯುತ್ತದೆ. ಕಪ್ಪಾಗಿ ಸಿಪ್ಪೆ ಕಳಚಿ ಬರುವ ಬೇರು ಕೊಳೆತ ಬೇರು. ಆದರೆ ಮೇಲೆ ಕಾಣುವ ಲಕ್ಷಣ ಎರಡರಲ್ಲೂ ಒಂದೇ. ಕೊಳೆತ ಬೇರು ನೀರು ಎಳೆಯಲಾರದು, ಹಾಗಾಗಿ ಒದ್ದೆ ಮಣ್ಣಿನಲ್ಲಿ ನಿಂತೇ ಎಲೆ ಬಾಡುತ್ತದೆ. ಬಾಡಿದ ಎಲೆ ಕಂಡವರು ಇನ್ನಷ್ಟು ನೀರು ಬಿಡುತ್ತಾರೆ, ಕೊಳೆತ ಇನ್ನಷ್ಟು ಹರಡುತ್ತದೆ. ನಿಮ್ಮ ಅತ್ತೆಯವರು ತೀರ್ಥಹಳ್ಳಿಯಲ್ಲಿ ಹೇಳಿದ್ದರೆ ಆ ಮಾತು ಸರಿಯೇ ಆಗುತ್ತಿತ್ತು. ಸ್ಯಾನ್ ಹೋಸೆಯ ಆಕಾಶ ಬೇರೆ ಲೆಕ್ಕದ್ದು.

ನಮ್ಮಲ್ಲಿ ಮಳೆಯೂ ಬೆಚ್ಚನೆಯ ದಿನಗಳೂ ಕೂಡಿಯೇ ಬರುತ್ತವೆ. ಬೇಸಿಗೆಯಲ್ಲಿ ನೆಲ ಕಾದು, ಸಮುದ್ರದ ಗಾಳಿ ಒಳಕ್ಕೆ ಎಳೆಯಲ್ಪಟ್ಟು ಮುಂಗಾರು ಇಳಿಯುತ್ತದೆ. ಬೀಜ ಮೊಳೆಯಲು, ಬಳ್ಳಿ ಹಬ್ಬಲು, ಅಡಿಕೆ ಸಸಿ ನೆಡಲು ಅದೇ ಹೊತ್ತು. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಇದು ತಿರುಗುಮುರುಗು. ಬೇಸಿಗೆಯಲ್ಲಿ ಪೆಸಿಫಿಕ್ ಸಾಗರದ ಮೇಲಿನ ಅಧಿಕ ಒತ್ತಡದ ವಲಯ ಉತ್ತರಕ್ಕೆ ಸರಿದು ಕೂರುತ್ತದೆ, ಮಳೆ ತರುವ ಮಾರುತಗಳನ್ನೆಲ್ಲ ಇನ್ನೂ ಮೇಲಕ್ಕೆ ಅಟ್ಟುತ್ತದೆ. ಕರಾವಳಿಗುಂಟ ಹರಿಯುವ ತಣ್ಣನೆಯ ಪ್ರವಾಹ ಆ ಒಣತನವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಚಳಿಗಾಲದಲ್ಲಿ ಆ ವಲಯ ದಕ್ಷಿಣಕ್ಕೆ ಇಳಿದಾಗ ಮಾತ್ರ ಪಶ್ಚಿಮದಿಂದ ಬರುವ ಬಿರುಮಳೆಗೆ ದಾರಿ ಸಿಗುತ್ತದೆ. ಸ್ಯಾನ್ ಹೋಸೆಗೆ ವರ್ಷಕ್ಕೆ ಬೀಳುವ ಸುಮಾರು 380 ಮಿಲಿಮೀಟರ್ ಮಳೆಯಲ್ಲಿ ಬಹುಪಾಲು ನವೆಂಬರ್‌ನಿಂದ ಮಾರ್ಚ್‌ವರೆಗಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಹುತೇಕ ಏನೂ ಇಲ್ಲ.

ಭೂಮಿಯ ಮೇಲೆ ಇಂಥ ಹವೆ ಐದೇ ಕಡೆ ಇದೆ: ಮೆಡಿಟರೇನಿಯನ್ ಸಮುದ್ರದ ಸುತ್ತಲ ನಾಡುಗಳು, ಕ್ಯಾಲಿಫೋರ್ನಿಯಾ, ಚಿಲಿಯ ನಡುಭಾಗ, ದಕ್ಷಿಣ ಆಫ್ರಿಕಾದ ನೈಋತ್ಯ ತುದಿ, ಆಸ್ಟ್ರೇಲಿಯಾದ ನೈಋತ್ಯ ಮತ್ತು ದಕ್ಷಿಣದ ಕೆಲವು ಭಾಗ. ಎಲ್ಲ ಸೇರಿಸಿದರೂ ಜಗತ್ತಿನ ನೆಲದ ಶೇ 2ರಷ್ಟು. ಆದರೆ ಸಸ್ಯ ವೈವಿಧ್ಯದಲ್ಲಿ ಈ ಪುಟ್ಟ ತುಂಡುಗಳು ಮಳೆಕಾಡುಗಳಿಗೆ ಸಮನಾಗಿ ನಿಲ್ಲುತ್ತವೆ. ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶ ಒಂದರಲ್ಲೇ ಸುಮಾರು 9,000 ಜಾತಿಯ ಗಿಡಗಳಿವೆ, ಅವುಗಳಲ್ಲಿ ಮೂರನೇ ಎರಡು ಭಾಗ ಬೇರೆಲ್ಲೂ ಕಾಡುಗಿಡವಾಗಿ ಸಿಗುವುದಿಲ್ಲ. ನೀವು ಮನೆ ಕಟ್ಟಿಕೊಂಡಿರುವುದು ಅಂಥ ಅಪರೂಪದ ನೆಲದಲ್ಲಿ.

ಈ ನೆಲದ ಗಿಡಗಳಿಗೆಲ್ಲ ಒಂದೇ ಕಷ್ಟ: ಬಿಸಿಲು ಹೇರಳವಾಗಿರುವಾಗ ನೀರಿಲ್ಲ, ನೀರು ಇರುವಾಗ ಚಳಿ. ಇದಕ್ಕೆ ಅವು ಕಂಡುಕೊಂಡ ಉಪಾಯ ಒಂದಲ್ಲ. ಮಂಜನೀಟಾವನ್ನೇ ನೋಡಿ. ಎಲೆ ಚಿಕ್ಕದು, ದಪ್ಪ, ಚರ್ಮದಂತೆ ಗಡುಸು. ಹಲವು ಜಾತಿಗಳಲ್ಲಿ ಎಲೆಗಳು ನೆಟ್ಟಗೆ ನಿಂತಿರುತ್ತವೆ, ನಡುಹಗಲಿನ ಬಿಸಿಲು ಅಗಲಕ್ಕೆ ತಾಗದೆ ಅಂಚಿಗೆ ತಾಗಲಿ ಎಂದು. ರೋಸ್ಮರಿ ಎಲೆಯ ಅಂಚನ್ನು ಕೆಳಕ್ಕೆ ಮಡಚಿಕೊಂಡು, ಉಸಿರಾಡುವ ರಂಧ್ರಗಳನ್ನು ಬಿಳಿ ರೋಮದ ಒಳಗೆ ಬಚ್ಚಿಟ್ಟುಕೊಳ್ಳುತ್ತದೆ. ಬೇಸಿಗೆಯುದ್ದಕ್ಕೂ ಎಲೆ ಉಳಿಸಿಕೊಂಡು, ವ್ಯವಹಾರವನ್ನೆಲ್ಲ ಕನಿಷ್ಠಕ್ಕೆ ಇಳಿಸಿ ಕಾಯುವ ದಾರಿ ಇದು.

ಇನ್ನು ಕೆಲವು ಎಲೆಯನ್ನೇ ಬಿಟ್ಟುಕೊಡುತ್ತವೆ. ನಿಮ್ಮ ಸುತ್ತಲ ಗುಡ್ಡಗಳಲ್ಲಿ ಜುಲೈ-ಆಗಸ್ಟ್‌ನಲ್ಲಿ ಬೋಳಾಗಿ, ಎಲೆ ಕಂದಾಗಿ ನಿಂತ ಮರಗಳನ್ನು ನೀವು ನೋಡಿರಬಹುದು. ಅವು ಕ್ಯಾಲಿಫೋರ್ನಿಯಾ ಬಕ್‌ಐ. ಹೊಸಬರು ಅದು ಸತ್ತೇ ಹೋಯಿತೆಂದು ಕೊಡಗಟ್ಟಲೆ ನೀರು ಹಾಕುವುದುಂಟು. ಅದು ಸತ್ತಿಲ್ಲ, ವರ್ಷದ ಕೆಲಸ ಮುಗಿಸಿದೆ. ಫೆಬ್ರುವರಿ ಹೊತ್ತಿಗೆ ಮತ್ತೆ ಚಿಗುರುತ್ತದೆ.

ಅದೇ ಗುಡ್ಡಗಳಲ್ಲಿ ಬೂದುಬಣ್ಣದ ಒಂದು ಪೊದೆ ಇದೆ, ಕ್ಯಾಲಿಫೋರ್ನಿಯಾ ಸೇಜ್‌ಬ್ರಷ್. ಹೆಸರಿನಲ್ಲಿ ಸೇಜ್ ಇದ್ದರೂ ಅದು ನಮ್ಮ ದವನದ ಕುಲಕ್ಕೆ ಸೇರಿದ್ದು, ಎರಡೂ ಆರ್ಟಿಮಿಸಿಯಾಗಳು. ಒಂದೆರಡು ಎಲೆ ಹೊಸಕಿ ಅತ್ತೆಯವರ ಕೈಗೆ ಕೊಟ್ಟು ನೋಡಿ, ದವನದ ಹುಣ್ಣಿಮೆಯ ಪರಿಮಳಕ್ಕೆ ಹತ್ತಿರದ ನೆಂಟ ಎಂದು ಅವರಿಗೇ ತಿಳಿಯುತ್ತದೆ. ಈ ಪೊದೆ ಮಳೆಗಾಲದಲ್ಲಿ ಉದ್ದನೆಯ ಎಲೆ ಬಿಟ್ಟು, ಒಣಗಾಲ ಬಂದಂತೆ ಅವನ್ನು ಉದುರಿಸಿ ಸಣ್ಣ ಎಲೆಗಳಲ್ಲಿ ದಿನ ದೂಡುತ್ತದೆ.

ಗಡ್ಡೆಯ ಗಿಡಗಳು ಬೇಸಿಗೆಯನ್ನು ನೆಲದಡಿ ಕಳೆಯುತ್ತವೆ. ಟ್ಯೂಲಿಪ್, ಫ್ರೀಸಿಯಾ, ಕೇಸರಿ ಎಲ್ಲವೂ ಈ ಬಗೆಯವು. ಕ್ಯಾಲಿಫೋರ್ನಿಯಾ ಪಾಪಿಯಂಥ ಹೂವಿನ ಗಿಡಗಳಲ್ಲಿ ಹಲವು ಬೀಜವಾಗಿಯೇ ಬೇಸಿಗೆಯನ್ನು ದಾಟುತ್ತವೆ.

ಈ ಕೊನೆಯ ದಾರಿ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಗದಗ, ಧಾರವಾಡ, ವಿಜಯಪುರದ ಎರೆಭೂಮಿಯಲ್ಲಿ ಕಡಲೆಯನ್ನು ಮುಂಗಾರಿನಲ್ಲಿ ಬಿತ್ತುವವರಿಲ್ಲ. ಮಳೆ ಹಿಂದೆ ಸರಿದ ಮೇಲೆ, ನೆಲದಲ್ಲಿ ಉಳಿದ ತೇವ ನೋಡಿಕೊಂಡು ಅಕ್ಟೋಬರ್ ಆಸುಪಾಸಿನಲ್ಲಿ ಬಿತ್ತುತ್ತಾರೆ. ಚಳಿ, ಇಬ್ಬನಿಯಲ್ಲಿ ಬೆಳೆದು ಬೇಸಿಗೆ ಬಲಿಯುವ ಮೊದಲೇ ಕೊಯ್ಲಿಗೆ ಬರುತ್ತದೆ. ಕಡಲೆಯ ತವರು ಇಂದಿನ ಟರ್ಕಿಯ ಆಗ್ನೇಯ ಭಾಗ, ಚಳಿಗಾಲದಲ್ಲಿ ಮಳೆ ಬೀಳುವ ನಾಡು. ಗೋಧಿಯೂ ಆ ಕಡೆಯದೇ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಹೊರಟ ಬೆಳೆಗೆ ನಮ್ಮ ರೈತರು ತಮ್ಮ ವರ್ಷದಲ್ಲಿ ಸರಿಯಾದ ಜಾಗ ಹುಡುಕಿದರು, ಅದು ಹಿಂಗಾರು. ನೀವು ಸ್ಯಾನ್ ಹೋಸೆಯಲ್ಲಿ ಮಾಡಬೇಕಾದದ್ದೂ ಅಷ್ಟೇ. ಹಿತ್ತಲಿನ ಕೆಲಸವನ್ನೆಲ್ಲ ಹಿಂಗಾರಿಗೆ ತನ್ನಿ. ನೆಡುವುದು ನವೆಂಬರ್‌ನಲ್ಲಿ, ವಿಶ್ರಾಂತಿ ಜುಲೈನಲ್ಲಿ.

ಈಗ ಬೇರು ಕೊಳೆತದ್ದಕ್ಕೆ ಬರೋಣ. ನಿಮ್ಮ ಗಿಡವನ್ನು ನಾನು ಕಣ್ಣಾರೆ ನೋಡಿಲ್ಲ, ಆದರೆ ಬೇಸಿಗೆಯ ನೀರು, ನಿಮ್ಮ ಕಡೆ ಸಾಮಾನ್ಯವಾದ ಜಿಗುಟು ಮಣ್ಣು, ಕಪ್ಪು ಬೇರು, ಅದರಲ್ಲೂ ಸಿಯನೋಥಸ್ ಮತ್ತು ಫ್ಲಾನೆಲ್ ಬುಷ್ ಎಂದರೆ ಬೊಟ್ಟು ತೋರುವುದು ಬೇರು ಕೊಳೆಸುವ ಫೈಟೋಫ್ಥೊರಾ ಎಂಬ ಸೂಕ್ಷ್ಮಜೀವಿಯ ಕಡೆಗೆ. ಈ ಕುಲವನ್ನು ಮಲೆನಾಡಿನವರಿಗೆ ಪರಿಚಯಿಸಬೇಕಿಲ್ಲ. ಅಡಿಕೆಯ ಕೊಳೆರೋಗ ಇದರ ಕೆಲಸ, ಕಾಳುಮೆಣಸಿನ ಬಳ್ಳಿ ದಿಢೀರನೆ ಸೊರಗಿ ಒಣಗುವುದೂ ಇದರ ಇನ್ನೊಂದು ಜಾತಿಯ ಕೆಲಸ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವಿವರವಾದ ವರದಿ ಪ್ರಕಟಿಸಿದರು. ಮಳೆಗೆ ಮೊದಲು ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿ ನಮ್ಮ ತೋಟಗಳಲ್ಲಿ ನೆಲೆಯೂರಿದ್ದಕ್ಕೆ ಅವರ ಕೆಲಸ ದೊಡ್ಡ ಕಾರಣ.

ಇದು ನೋಟಕ್ಕೆ ಬೂಷ್ಟಿನಂತಿದ್ದರೂ ನಿಜವಾದ ಶಿಲೀಂಧ್ರವಲ್ಲ, ನೀರಿನಲ್ಲಿ ಈಜಬಲ್ಲ ಬೀಜಾಣುಗಳನ್ನು ಬಿಡುವ ಬೇರೆಯೇ ಜೀವಿ. ಅದಕ್ಕೆ ಮಣ್ಣಿನ ಕಣಗಳ ನಡುವೆ ತುಂಬಿನಿಂತ ನೀರು ಬೇಕು, ಜೊತೆಗೆ ಬೆಚ್ಚಗಿನ ನೆಲವೂ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಚಳಿಗಾಲಕ್ಕೆ ಮಣ್ಣು ಒದ್ದೆಯಾಗಿದ್ದರೂ ತಣ್ಣಗಿರುತ್ತದೆ, ಇದರ ಆಟ ನಿಧಾನ. ಬೇಸಿಗೆಯಲ್ಲಿ ನೆಲ ಬೆಚ್ಚಗಿದ್ದರೂ ಒಣಗಿರುತ್ತದೆ, ಈಜಲು ನೀರಿಲ್ಲ. ಹೀಗೆ ಲಕ್ಷಾಂತರ ವರ್ಷ ಬೆಚ್ಚನೆಯ ಒದ್ದೆ ಮಣ್ಣನ್ನೇ ಹೆಚ್ಚಾಗಿ ಕಾಣದ ಗಿಡಗಳಿಗೆ ಅದನ್ನು ಎದುರಿಸುವ ಶಕ್ತಿ ಬೆಳೆಯುವ ಸಂದರ್ಭವೇ ಬರಲಿಲ್ಲ. ನೀವು ಸಂಜೆ ಬಿಟ್ಟ ಡ್ರಿಪ್ ಆ ಎರಡನ್ನೂ ಒಟ್ಟುಗೂಡಿಸಿತು. ಮುಂಗಾರಿನ ನಾಡಿನ ಕರಿಬೇವು, ಮಲ್ಲಿಗೆಗೆ ಬೆಚ್ಚನೆಯ ಒದ್ದೆಮಣ್ಣು ಹುಟ್ಟಿನಿಂದ ಬಂದ ವಾತಾವರಣ, ಹಾಗಾಗಿ ಅವು ಅದೇ ನೀರಿನಲ್ಲಿ ನಳನಳಿಸಿದವು.

ಈ ಜೀವಿಯ ಹಾನಿ ಹಿತ್ತಲಿಗೆ ಮುಗಿಯುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಜಾರಾ ಎಂಬ ನೀಲಗಿರಿ ಜಾತಿಯ ಕಾಡುಗಳನ್ನೂ ಅದರಡಿಯ ಬ್ಯಾಂಕ್ಸಿಯಾ ಪೊದೆಗಳನ್ನೂ ಫೈಟೋಫ್ಥೊರಾ ಸಿನಮೋಮಿ ಎಂಬ ಜಾತಿ ವಿಶಾಲ ಪ್ರದೇಶದಲ್ಲಿ ಕೊಂದಿದೆ. ವಾಹನದ ಚಕ್ರಕ್ಕೆ, ಬೂಟಿಗೆ ಅಂಟಿದ ಮಣ್ಣಿನಲ್ಲಿ ಅದು ಹರಡುತ್ತದೆ. ಅದಕ್ಕಾಗಿ ಅಲ್ಲಿನ ಕಾಡುದಾರಿಗಳಲ್ಲಿ ಬೂಟು ತೊಳೆಯುವ ಕಟ್ಟೆಗಳನ್ನೇ ಇಟ್ಟಿದ್ದಾರೆ. ನೀವೂ ಸತ್ತ ಗಿಡದ ಗುಂಡಿಯ ಮಣ್ಣನ್ನು ಹಿತ್ತಲಿನ ಬೇರೆಡೆಗೆ ಹರಡಬೇಡಿ, ಅಲ್ಲಿ ಅಗೆದ ಗುದ್ದಲಿಯನ್ನು ತೊಳೆದು ಒಣಗಿಸಿ. ಈ ಕ್ರಿಮಿ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಅದೇ ಗುಂಡಿಯಲ್ಲಿ ಮತ್ತೆ ಸಿಯನೋಥಸ್ ಬೇಡ. ಆ ಜಾಗಕ್ಕೆ ಡಿಯರ್ ಗ್ರಾಸ್ ಎಂಬ ಅಲ್ಲಿಯದೇ, ಗುಂಪಾಗಿ ಬೆಳೆಯುವ ದೊಡ್ಡ ಹುಲ್ಲು ಒಳ್ಳೆಯದು, ಬೇಸಿಗೆಯ ನೀರನ್ನು ಅದು ತಕರಾರಿಲ್ಲದೆ ಸಹಿಸುತ್ತದೆ. ಅಡಿಕೆಗೆ ಹೊಡೆಯುವಂತೆ ಇಲ್ಲಿ ಮದ್ದು ಹುಡುಕಿಕೊಂಡು ಹೋಗಬೇಡಿ. ನೀರಿನ ಕಾಲ ಸರಿಪಡಿಸದೆ ಯಾವ ಮದ್ದೂ ಬಹಳ ದಿನ ಕೆಲಸ ಮಾಡುವುದಿಲ್ಲ.

ನೀವು ಮೇ ತಿಂಗಳಲ್ಲಿ ನೆಟ್ಟದ್ದೇ ಎಲ್ಲಕ್ಕೂ ಮೂಲ. ಆ ಹೊತ್ತಿಗೆ ಮಳೆ ಮುಗಿದಿರುತ್ತದೆ, ಗಿಡ ಬೆಳವಣಿಗೆ ನಿಲ್ಲಿಸುವ ಸಿದ್ಧತೆಯಲ್ಲಿರುತ್ತದೆ. ಬೇರು ಇನ್ನೂ ಕುಂಡದ ಆಕಾರದಲ್ಲೇ ಸುತ್ತಿಕೊಂಡಿರುತ್ತದೆ. ಆ ಚಿಕ್ಕ ಮಣ್ಣಿನುಂಡೆ ಬೇಗ ಒಣಗುತ್ತದೆ, ನೀರು ಹಾಕದಿದ್ದರೆ ಒಣಗಿ ಸಾಯುತ್ತದೆ, ಹಾಕಿದರೆ ಕೊಳೆತು ಸಾಯುವ ಭಯ. ಮೇ ತಿಂಗಳಲ್ಲಿ ನರ್ಸರಿಗಳ ತುಂಬ ಹೂಬಿಟ್ಟ ಸಿಯನೋಥಸ್ ಇಟ್ಟಿರುತ್ತಾರೆ, ನೋಡಿದವರಿಗೆ ಕೊಳ್ಳುವ ಆಸೆ ಸಹಜ. ಆಸೆಯನ್ನು ಆರು ತಿಂಗಳು ತಡೆಯಿರಿ.

ಮೊದಲ ಒಂದೆರಡು ಮಳೆ ಬಿದ್ದು ನೆಲ ನೆನೆದ ಮೇಲೆ, ನವೆಂಬರ್ ಹೊತ್ತಿಗೆ ನೆಡಿ. ಸ್ಯಾನ್ ಹೋಸೆ ಇರುವ ದಕ್ಷಿಣ ಕೊಲ್ಲಿ ಪ್ರದೇಶದ ಹಲವು ಬಡಾವಣೆಗಳಲ್ಲಿ ಮಣ್ಣು ನಮ್ಮ ಎರೆಯಂತೆಯೇ, ಮಳೆಗೆ ಅಂಟು, ಬಿಸಿಲಿಗೆ ಬಿರುಕು. ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ. ಎರಡನೇ ಸಲದ ನೀರು ಮರುದಿನವೂ ನಿಂತಿದ್ದರೆ ನೆಲಮಟ್ಟದಲ್ಲಿ ನೆಡಬೇಡಿ, ಅಲ್ಲಿನದೇ ಮಣ್ಣನ್ನು ಒಂದು-ಒಂದೂವರೆ ಅಡಿ ದಿಬ್ಬ ಮಾಡಿ ಅದರ ಮೇಲೆ ನೆಡಿ. ಗುಂಡಿ ಕುಂಡದಷ್ಟೇ ಆಳ, ಎರಡರಷ್ಟು ಅಗಲ ಇರಲಿ. ಕಾಂಡ ಬೇರು ಸೇರುವ ಜಾಗ ಸುತ್ತಲ ನೆಲಕ್ಕಿಂತ ಒಂದಂಗುಲ ಮೇಲೆಯೇ ನಿಲ್ಲಬೇಕು, ಮಣ್ಣು ಕುಸಿದಾಗ ಸರಿಹೋಗುತ್ತದೆ. ಮೇಲೆ ಮೂರಂಗುಲ ಮರದ ಚಕ್ಕೆ ಹೊದಿಸಿ, ಆದರೆ ಕಾಂಡಕ್ಕೆ ತಾಗಿಸಬೇಡಿ.

ಗೊಬ್ಬರ ಹಾಕಬೇಡಿ. ಗುಂಡಿಗೆ ಬುಟ್ಟಿ ಗೊಬ್ಬರ ಸುರಿಯದೆ ಗಿಡ ನೆಡಲು ನಮ್ಮವರಿಗೆ ಮನಸ್ಸೇ ಒಪ್ಪುವುದಿಲ್ಲ, ನನಗದು ಗೊತ್ತು. ಆದರೆ ಈ ಗಿಡಗಳು ಬಡಮಣ್ಣಿನವು. ಸಿಯನೋಥಸ್ ತನ್ನ ಬೇರುಗಂಟುಗಳಲ್ಲಿ ಫ್ರ್ಯಾಂಕಿಯಾ ಎಂಬ ಬ್ಯಾಕ್ಟೀರಿಯಾ ಸಾಕಿಕೊಂಡು ಗಾಳಿಯ ಸಾರಜನಕವನ್ನೇ ಬಳಸುತ್ತದೆ. ಗೊಬ್ಬರ ತುಂಬಿದ ಗುಂಡಿ ಜಿಗುಟು ಮಣ್ಣಿನ ನಡುವೆ ನೀರು ಹಿಡಿದಿಡುವ ತೊಟ್ಟಿಯಾಗುತ್ತದೆ, ಬೇರು ಹೊರಗಿನ ಮಣ್ಣಿಗೆ ಇಳಿಯಲೂ ಹಿಂಜರಿಯುತ್ತದೆ. ಮುಂದೆ ಎಂದಾದರೂ ಆಸ್ಟ್ರೇಲಿಯಾದ ಬ್ಯಾಂಕ್ಸಿಯಾ, ದಕ್ಷಿಣ ಆಫ್ರಿಕಾದ ಪ್ರೋಟಿಯಾ ನೆಟ್ಟರೆ ಇನ್ನೂ ಎಚ್ಚರ ಬೇಕು. ರಂಜಕ ಬಹಳ ಕಡಿಮೆ ಇರುವ ಮಣ್ಣಿನಿಂದ ಕಣಕಣ ಹೀರಲು ಕುಂಚದಂಥ ಬೇರುಗೊಂಚಲು ಬೆಳೆಸಿಕೊಂಡ ಆ ಗಿಡಗಳಲ್ಲಿ ಹಲವಕ್ಕೆ ರಂಜಕದ ಗೊಬ್ಬರ ವಿಷವೇ ಆಗುತ್ತದೆ. (ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಸಿಲ್ವರ್ ಓಕ್ ಇದೇ ಕುಟುಂಬದ್ದು. ಆದರೆ ಅದು ಪೂರ್ವ ಆಸ್ಟ್ರೇಲಿಯಾದ ಬೇಸಿಗೆಮಳೆಯ ಕಡೆಯದು, ಅದಕ್ಕೇ ನಮ್ಮಲ್ಲಿ ಒಗ್ಗಿಕೊಂಡಿತು.)

ನೀರಿನ ವಿಷಯಕ್ಕೆ ಬಂದರೆ, ನವೆಂಬರ್‌ನಲ್ಲಿ ನೆಟ್ಟ ಗಿಡಕ್ಕೂ ಮೊದಲ ಬೇಸಿಗೆಯಲ್ಲಿ ನೀರು ಬೇಕು. ಸ್ಥಳೀಯ ಗಿಡ ಎಂದು ಮೊದಲ ವರ್ಷವೇ ಕೈಬಿಟ್ಟರೆ ಉಳಿಯುವುದಿಲ್ಲ. ಎರಡು ವಾರಕ್ಕೊಮ್ಮೆ, ಬೆಳಗಿನ ಹೊತ್ತು, ನಿಧಾನವಾಗಿ, ಆಳಕ್ಕೆ ಇಳಿಯುವಷ್ಟು ಬಿಡಿ. ಬುಡಕ್ಕಲ್ಲ, ಕೊಂಬೆಗಳ ಅಂಚಿನ ಕೆಳಗೆ. ಬಿಡುವ ಮೊದಲು ನಾಲ್ಕಂಗುಲ ಕೆದಕಿ ನೋಡಿ, ತೇವ ಇದ್ದರೆ ಮುಂದೂಡಿ. ಬಿಸಿಗಾಳಿ ಬರುತ್ತದೆಂದು ಹವಾಮಾನ ಸೂಚನೆ ಇದ್ದರೆ ಅದಕ್ಕೆ ಎರಡು ದಿನ ಮೊದಲೇ ಹಾಕಿ, ಸುಡುವ ದಿನಗಳಲ್ಲಿ ಹಾಕಬೇಡಿ. ಎರಡನೇ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಸಾಕು. ಮೂರನೆಯದರಿಂದ ಸಿಯನೋಥಸ್, ಮಂಜನೀಟಾಗಳಿಗೆ ಬಹುತೇಕ ಬೇಡ. ಫ್ಲಾನೆಲ್ ಬುಷ್‌ಗೆ ಬೇಡವೇ ಬೇಡ, ಬೇಸಿಗೆಯ ನೀರಿಗೆ ಅದರಷ್ಟು ಬೇಗ ಸೋಲುವ ಗಿಡ ಕಡಿಮೆ. ಇದಕ್ಕೆ ಬದಲಾಗಿ ಚಳಿಗಾಲದಲ್ಲಿ ಮಳೆ ಕೈಕೊಟ್ಟರೆ, ಜನವರಿಯಲ್ಲಿ ಮೂರು ವಾರ ಒಣಗಿದ್ದರೆ, ಆಗ ಧಾರಾಳವಾಗಿ ನೀರು ಕೊಡಿ. ಹೆಚ್ಚಿನವರು ಮರೆಯುವ ನೀರು ಇದೇ.

ಕರಿಬೇವು, ಮಲ್ಲಿಗೆ, ತರಕಾರಿ ಪಾತಿ ಒಂದು ಮೂಲೆಯಲ್ಲಿ ಒಟ್ಟಿಗೆ ಇರಲಿ, ಅವಕ್ಕೆ ಬೇರೆ ಡ್ರಿಪ್ ಲೈನು, ಬೇರೆ ವಾಲ್ವ್. ಅಂಜೂರ, ದಾಳಿಂಬೆ, ದ್ರಾಕ್ಷಿ ಹಣ್ಣು ಕೊಡಬೇಕಾದ್ದರಿಂದ ಬೇಸಿಗೆಯಲ್ಲೂ ಆಗಾಗ ನೀರು ಕೇಳುತ್ತವೆ, ಇವು ನಡುವಿನ ವಲಯಕ್ಕೆ ಸರಿ. ಹಿತ್ತಲಿನಲ್ಲಿ ಲೈವ್ ಓಕ್ ಎಂಬ ಅಲ್ಲಿಯದೇ ನಿತ್ಯಹಸಿರು ಓಕ್‌ನ ಹಳೆಯ ಮರ ಇದ್ದರೆ ಅದರ ನೆರಳಿಗೆ ಯಾವ ಡ್ರಿಪ್ಪೂ ಹೋಗದಂತೆ ನೋಡಿಕೊಳ್ಳಿ. ನೂರು ವರ್ಷ ನಿಂತ ಮರವನ್ನು ಅದರ ಬುಡದ ಹುಲ್ಲುಹಾಸಿನ ನೀರು ನಿಧಾನಕ್ಕೆ ಕೊಲ್ಲುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಕರಿಬೇವಿನ ಬಗ್ಗೆ ಇನ್ನೊಂದು ಮಾತು: ನಿಂಬೆ-ಕಿತ್ತಳೆ ಗಿಡಗಳಿಗೆ ಮಾರಕ ರೋಗ ಹರಡುವ ಸಿಲಿಡ್ ಕೀಟ ಕರಿಬೇವಿನಲ್ಲೂ ಬದುಕುತ್ತದೆ, ಅದಕ್ಕಾಗಿ ಕ್ಯಾಲಿಫೋರ್ನಿಯಾದಲ್ಲಿ ಅದರ ಗಿಡ, ಸೊಪ್ಪು ಸಾಗಿಸಲು ನಿರ್ಬಂಧಗಳಿವೆ. ಸ್ನೇಹಿತರಿಗೆ ಬೇರೆ ಊರಿಗೆ ಸಸಿ ಒಯ್ಯುವ ಮೊದಲು ಕೌಂಟಿಯ ಕೃಷಿ ಕಚೇರಿಯಲ್ಲಿ ವಿಚಾರಿಸಿ.

ಗಿಡ ಆರಿಸುವ ಮೊದಲು ಬರ್ಕ್ಲಿಯ ಟಿಲ್ಡನ್ ಉದ್ಯಾನದಲ್ಲಿರುವ ಸಸ್ಯತೋಟಕ್ಕೆ ಒಂದು ಸೆಪ್ಟೆಂಬರ್ ದಿನ ಹೋಗಿ ಬನ್ನಿ. ಅಲ್ಲಿರುವುದೆಲ್ಲ ಕ್ಯಾಲಿಫೋರ್ನಿಯಾದ ಗಿಡಗಳು. ವಸಂತದಲ್ಲಿ ಎಲ್ಲ ತೋಟವೂ ಚೆಂದ. ಒಣಗಾಲದ ಕೊನೆಯಲ್ಲಿ ಅವು ಹೇಗಿರುತ್ತವೆ ಎಂದು ನೋಡಿ, ಆ ಬೂದು, ಕಂದು, ಮಾಸಲು ಹಸಿರು ನಿಮಗೆ ಹಿಡಿಸಿದರೆ ಮಾತ್ರ ಮುಂದುವರಿಯಿರಿ. ಮಲೆನಾಡಿನ ಕಣ್ಣಿಗೆ ಅದು ಒಗ್ಗಲು ಸ್ವಲ್ಪ ಕಾಲ ಬೇಕು. ಮನೆ ಮುಂದಿನ ಹುಲ್ಲುಹಾಸು ಇನ್ನೂ ಉಳಿದಿದ್ದರೆ ಕೀಳುವ ಮೊದಲೇ ಸ್ಥಳೀಯ ಜಲಸಂಸ್ಥೆಯ ಸಹಾಯಧನಕ್ಕೆ ಅರ್ಜಿ ಹಾಕಿ, ಕಿತ್ತ ಮೇಲೆ ಕೇಳಿದರೆ ಸಾಮಾನ್ಯವಾಗಿ ಸಿಗುವುದಿಲ್ಲ.

ಕೊನೆಗೆ ಅತ್ತೆಯವರ ಆಸೆ. ತೀರ್ಥಹಳ್ಳಿಯಲ್ಲಿ ಲ್ಯಾವೆಂಡರ್ ನೆಲದಲ್ಲಿ ನೆಟ್ಟರೆ ಜುಲೈ ದಾಟುವುದು ಕಷ್ಟ. ಬೆಚ್ಚನೆಯ ಮಳೆ, ತಿಂಗಳುಗಟ್ಟಲೆ ಆರದ ಗಾಳಿ, ಎರಡೂ ಅದಕ್ಕೆ ಆಗದು. ಅದನ್ನು ಬಿಟ್ಟುಬಿಡಲು ಹೇಳಿ. ರೋಸ್ಮರಿ ಸ್ವಲ್ಪ ಗಟ್ಟಿ, ನೀಲಗಿರಿಯ ಗುಡ್ಡಗಳಲ್ಲಿ ಬೇಸಾಯವಾಗಿಯೇ ಬೆಳೆಯುತ್ತಾರೆ. ಮಲೆನಾಡಿನಲ್ಲಾದರೆ ತಳಕ್ಕೆ ದೊಡ್ಡ ತೂತಿರುವ ಮಣ್ಣಿನ ಕುಂಡ, ಅರ್ಧ ಮಣ್ಣು, ಅರ್ಧ ದಪ್ಪ ಮರಳು ಮತ್ತು ಇಟ್ಟಿಗೆ ಚೂರು, ಚಿಟಿಕೆ ಸುಣ್ಣ. ಗೊಬ್ಬರ ಇಲ್ಲ. ಅಕ್ಟೋಬರ್ ಕೊನೆಗೆ, ಮಳೆ ಹಿಂದೆಗೆದ ಮೇಲೆ ನೆಟ್ಟರೆ ಬೇಸಿಗೆಯೊಳಗೆ ಬೇರೂರುತ್ತದೆ. ಅದೇ ಹೊತ್ತಿಗೆ ಪಕ್ಕದಲ್ಲೊಂದು ಕುಂಡದಲ್ಲಿ ದವನವನ್ನೂ ಬಿತ್ತಬಹುದು, ಚಳಿ ಮುಗಿಯುವಷ್ಟರಲ್ಲಿ ಕೈಗೆ ಬರುತ್ತದೆ. ಮೇ ಕೊನೆಯಲ್ಲಿ ರೋಸ್ಮರಿ ಕುಂಡವನ್ನು ಎರಚಲು ತಾಗದ, ಆದರೆ ಬೆಳಕು ಚೆನ್ನಾಗಿ ಬೀಳುವ ಜಗಲಿಯ ಅಂಚಿಗೆ ಎತ್ತಿಡಬೇಕು. ಸೆಪ್ಟೆಂಬರ್‌ವರೆಗೆ, ಮಣ್ಣು ಎರಡಂಗುಲ ಆಳಕ್ಕೆ ಒಣಗಿದೆಯೆಂದು ಬೆರಳಿಟ್ಟು ನೋಡಿದ ಮೇಲಷ್ಟೇ ಒಂದು ಲೋಟ ನೀರು.